ತಾಯ್ ಚಿ ವಿದ್ಯೆಯ ಆಚಾರ್ಯ ಚೆಂಗ್ ಮಾನ್‌ಚಿಂಗ್

ಹಗಲಿಡೀ ನಿಂತು ದುಡಿಯುವವನಿಗೆ ಕಾಲುನೋವು, ಹಗಲಿಡೀ ಕುಳಿತು ಬರೆಯುವವನಿಗೆ ಬೆನ್ನುನೋವು. ಇವೆರಡೂ ನಮ್ಮ ವಾಚಕರಿಗೆ ಹೊಸವಲ್ಲ. ವ್ಯಾಯಾಮ ಮಾಡಬೇಕೆಂದು ವೈದ್ಯರು ಹೇಳುತ್ತಲೇ ಇರುತ್ತಾರೆ. ಆದರೆ ಬೆಳಗಿನ ಜಾವಕ್ಕೇ ಎದ್ದು ಹೋಟೆಲಿನ ಒಲೆ ಹೊತ್ತಿಸಬೇಕಾದವನಿಗೂ, ಲೋಕಲ್ ಗಾಡಿಯಲ್ಲಿ ಜೋತಾಡಿ ಕಚೇರಿ ಸೇರಬೇಕಾದ ಗುಮಾಸ್ತನಿಗೂ ಅದಕ್ಕೆ ವೇಳೆಯೆಲ್ಲಿ, ನಾಲ್ವರು ಮಲಗುವ ಖೋಲಿಯಲ್ಲಿ ಸ್ಥಳವೆಲ್ಲಿ, ಕಲಿಸುವ ಗುರುವೆಲ್ಲಿ ಎಂಬ ಪ್ರಶ್ನೆ ಏಳುವುದು ಸಹಜ. ಈ ಬಗೆಯ ಪ್ರಶ್ನೆಗಳನ್ನು ತಮ್ಮ ಬಾಳಿನಲ್ಲಿಯೇ ಎದುರಿಸಿ, ತಮಗೂ ಪರರಿಗೂ ಉಪಯೋಗವಾಗುವಂತಹ ಉತ್ತರವನ್ನು ಕಂಡುಕೊಂಡ ಚೀನೀ ಮಹನೀಯರೊಬ್ಬರ ಜೀವನವನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ. ಅವರೇ ತಾಯ್ ಚಿ ವಿದ್ಯೆಯ ಆಚಾರ್ಯ ಚೆಂಗ್ ಮಾನ್‌ಚಿಂಗ್.

ಚೆಂಗ್ ಅವರು 1902ರಲ್ಲಿ ಚೀನದ ಆಗ್ನೇಯ ತೀರದ ಝೆಜಿಯಾಂಗ್ ಪ್ರಾಂತದಲ್ಲಿ, ಇಂದು ವೆನ್‌ಝೋ ಎಂದು ಕರೆಯಲ್ಪಡುವ ಪ್ರದೇಶದಲ್ಲಿ ಜನಿಸಿದರು. ಚಿಕ್ಕಂದಿನಲ್ಲಿಯೇ ತಂದೆ ತೀರಿಕೊಂಡರು. ತಾಯಿಯೇ ಅಕ್ಷರವನ್ನೂ ಪದ್ಯಗಳನ್ನೂ ಗಿಡಮೂಲಿಕೆಗಳ ಗುಣವನ್ನೂ ಹೇಳಿಕೊಟ್ಟರು. ಬಾಲಕನಾಗಿದ್ದಾಗ ತಲೆಯ ಮೇಲೆ ಭಾರವಾದ ಕಲ್ಲೊಂದು ಬಿದ್ದು, ಬಹಳ ಕಾಲ ಪ್ರಜ್ಞೆಯೇ ಇಲ್ಲದಂತಾಯಿತು. ಮೈ ಚೇತರಿಸಿಕೊಂಡ ಮೇಲೆ, ಹೆಚ್ಚು ಶ್ರಮವಿಲ್ಲದ ವೃತ್ತಿಯೊಂದು ಇರಲೆಂದು ಚಿತ್ರಕಾರರೊಬ್ಬರ ಬಳಿ ಶಿಷ್ಯವೃತ್ತಿಗೆ ಬಿಟ್ಟರು. ಗುರುವಿಗೆ ಮಸಿ ಅರೆದುಕೊಡುವುದೇ ಮೊದಮೊದಲು ಅವರ ಕೆಲಸ. ಮಸಿ ಅರೆಯುತ್ತ, ಗುರುವಿನ ಕುಂಚದ ಚಲನೆಯನ್ನು ನೋಡುತ್ತ ನೋಡುತ್ತ ಆ ಹುಡುಗನು ಚಿತ್ರಕಲೆಯನ್ನು ವಶಪಡಿಸಿಕೊಂಡನು. ಹದಿಹರೆಯದಲ್ಲಿಯೇ ಚಿತ್ರ ಬರೆದು ಮನೆಯ ಖರ್ಚಿಗೆ ನೆರವಾದನು. ಮುಂದೆ ಚಿತ್ರ, ಲಿಪಿಕಲೆ, ಕಾವ್ಯ, ವೈದ್ಯ, ತಾಯ್ ಚಿ ಎಂಬ ಐದು ವಿದ್ಯೆಗಳಲ್ಲಿ ಪಾರಂಗತರೆಂದು ಅವರನ್ನು ಜನರು ಕೊಂಡಾಡಿದರು. ಆ ಐದರ ಬುಡದಲ್ಲಿ ಇದ್ದುದು ಮಸಿ ಅರೆದ ಈ ಸೇವೆಯೇ ಎಂಬುದನ್ನು ಮರೆಯಲಾಗದು.

ಯೌವನದಲ್ಲಿ ಅವರು ಬೀಜಿಂಗ್ ನಗರಕ್ಕೆ ಹೋಗಿ ಅಧ್ಯಾಪಕರಾದರು. ತರುವಾಯ ಶಾಂಘೈಯ ಕಲಾಶಾಲೆಯಲ್ಲಿ ಚಿತ್ರಕಲೆಯನ್ನು ಬೋಧಿಸಿದರು. ಹೆಸರೂ ಬಂತು, ಸಂಪಾದನೆಯೂ ಬಂತು. ಅವುಗಳ ಜತೆಗೆ ಕ್ಷಯರೋಗವೂ ಬಂತು. ಕೆಮ್ಮಿದರೆ ರಕ್ತ ಕಾಣಿಸುವಷ್ಟು ರೋಗವು ಬಲಿಯಿತು. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೋಮೈಸಿನ್ ಪತ್ತೆಯಾದದ್ದು 1943ರಲ್ಲಿ; ಅದಕ್ಕಿಂತ ಹಿಂದಿನ ಆ ದಿನಗಳಲ್ಲಿ ವಿಶ್ರಾಂತಿ, ಒಳ್ಳೆಯ ಗಾಳಿ, ಪುಷ್ಟಿಕರ ಆಹಾರ ಇವುಗಳ ಹೊರತು ಬೇರೆ ಆಸರೆ ಇರಲಿಲ್ಲ. ಬೀಜಿಂಗಿನಲ್ಲಿದ್ದಾಗ ಚೆಂಗ್ ಅವರು ಅಲ್ಪಕಾಲ ತಾಯ್ ಚಿ ಕಲಿತು ಬಿಟ್ಟಿದ್ದರು. ರೋಗ ಮೇಲೆ ಬಿದ್ದಾಗ ಅದನ್ನೇ ಮತ್ತೆ ಹಿಡಿದರು. ಮೈ ಸುಧಾರಿಸಿತು. ಆದರೆ ಸುಧಾರಿಸಿದೊಡನೆ ಕೆಲಸದ ಗಡಿಬಿಡಿಯಲ್ಲಿ ಅಭ್ಯಾಸ ನಿಂತಿತು; ಅಭ್ಯಾಸ ನಿಂತೊಡನೆ ದೌರ್ಬಲ್ಯ ಮರಳಿ ಬಂದಿತು. ನೋವು ಹೋದ ಮರುದಿನವೇ ಪಥ್ಯ ಬಿಡುವ ಮನುಷ್ಯಸ್ವಭಾವಕ್ಕೆ ಈ ಪಂಡಿತರೂ ಹೊರತಾಗಿರಲಿಲ್ಲ.

ತಾಯ್ ಚಿ ಎಂದರೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಮೂಲತಃ ಇದು ಗರಡಿಯ ವಿದ್ಯೆ, ಕೈಕೈ ಕಾದಾಟದ ವಿದ್ಯೆ. ಆದರೆ ಇದರಲ್ಲಿ ಬಿರುಸಿಲ್ಲ. ಮೊಣಕಾಲುಗಳನ್ನು ಕೊಂಚ ಬಾಗಿಸಿ, ನೆತ್ತಿಯನ್ನು ಮೇಲಿನಿಂದ ದಾರ ಕಟ್ಟಿ ತೂಗಿಬಿಟ್ಟಂತೆ ಬೆನ್ನನ್ನು ನೆಟ್ಟಗಿರಿಸಿ, ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಮೆಲ್ಲಮೆಲ್ಲನೆ ಸಾಗಿಸುತ್ತ, ಒಂದು ಭಂಗಿಯಿಂದ ಮತ್ತೊಂದಕ್ಕೆ ನಿಲ್ಲದೆ ಹರಿಯುತ್ತ ಹೋಗಬೇಕು. ಉಸಿರು ಹೊಟ್ಟೆಯವರೆಗೆ ಇಳಿಯಬೇಕು. ತೋಳಿನಲ್ಲಿ ಬಿಗಿ ಇರಕೂಡದು. ಉಸಿರನ್ನೂ ನಿಲುವನ್ನೂ ಕುರಿತ ಚೀನೀ ಸಾಧನೆಗಳಿಗೆ ಚಿಗೊಂಗ್ ಎಂಬ ಹೆಸರುಂಟು. ತಾಯ್ ಚಿ ಅದರ ಸೋದರವಿದ್ಯೆಯೆನ್ನಬಹುದು.

ಈ ವಿದ್ಯೆಯು ಬಹುಕಾಲ ಹೆನಾನ್ ಪ್ರಾಂತದ ಚೆನ್ ಮನೆತನದ ಸೊತ್ತಾಗಿತ್ತು. 1799ರಲ್ಲಿ ಹುಟ್ಟಿದ ಯಾಂಗ್ ಲುಚಾನ್ ಎಂಬವರು ಆ ಹಳ್ಳಿಗೆ ಹೋಗಿ, ಸೇವೆ ಮಾಡಿಕೊಂಡಿದ್ದು ಅದನ್ನು ಕಲಿತರೆಂದು ಪ್ರತೀತಿ. ಅವರು ಅದನ್ನು ಬೀಜಿಂಗಿಗೆ ತಂದು ಅರಸುಮನೆತನದವರಿಗೆ ಕಲಿಸಿದರು. ಅವರ ಮೊಮ್ಮಗ ಯಾಂಗ್ ಚೆಂಗ್‌ಫು, 1883ರಲ್ಲಿ ಜನಿಸಿದವರು, ಬೀಜಿಂಗಿನ ವ್ಯಾಯಾಮ ಸಂಸ್ಥೆಯೊಂದರಲ್ಲಿ ಸಾರ್ವಜನಿಕರಿಗೆ ಕಲಿಸಿದರು; 1928ರಲ್ಲಿ ಶಾಂಘೈಗೆ ಬಂದರು. ಹೀಗೆ ಒಂದು ಮನೆತನದ ಅಂಗಳದಲ್ಲಿದ್ದ ವಿದ್ಯೆಯು ಅರಮನೆಗೂ ಅರಮನೆಯಿಂದ ಪಟ್ಟಣದ ಬೀದಿಗೂ ಇಳಿದು ಬಂದಿತು.

ಚೆಂಗ್ ಅವರು ಯಾಂಗ್ ಚೆಂಗ್‌ಫು ಅವರ ಶಿಷ್ಯರಾದುದು 1932ರ ಸುಮಾರಿಗೆ. ಯಾಂಗ್ ಅವರ ಪತ್ನಿಯು ಕಠಿಣವಾದ ಕಾಯಿಲೆಯಿಂದ ಮಲಗಿದ್ದಾಗ ಚೆಂಗ್ ಅವರು ಮೂಲಿಕೆಗಳನ್ನು ಕೊಟ್ಟು ಗುಣಪಡಿಸಿದರೆಂದೂ, ಆ ಋಣಕ್ಕಾಗಿ ಗುರುವು ವಿದ್ಯೆಯ ಒಳಮರ್ಮವನ್ನು ತಿಳಿಸಿದರೆಂದೂ ಹೇಳುತ್ತಾರೆ. ಒಳಮರ್ಮವೆಂದರೆ ಮಂತ್ರತಂತ್ರವಲ್ಲ. ಮೈಯನ್ನು ಸಡಿಲಬಿಡಬೇಕೆಂಬ ಒಂದೇ ಮಾತನ್ನು ಗುರುವು ದಿನವೂ ಹತ್ತು ಸಲ ಹೇಳುತ್ತಿದ್ದರು. ಶಿಷ್ಯನಿಗೆ ಅದು ಕೈಗೂಡುತ್ತಿರಲಿಲ್ಲ. ಒಂದು ರಾತ್ರಿ ತಮ್ಮ ಎರಡು ತೋಳುಗಳೂ ಮುರಿದು, ಬೊಂಬೆಯ ತೋಳುಗಳಂತೆ ದಾರದಲ್ಲಿ ಜೋಲಾಡುತ್ತಿರುವ ಕನಸು ಚೆಂಗ್ ಅವರಿಗೆ ಬಿತ್ತಂತೆ. ಎದ್ದ ಮೇಲೆ ಸಡಿಲವೆಂದರೇನೆಂಬುದು ಅರ್ಥವಾಯಿತಂತೆ. 1934ರಲ್ಲಿ ಪ್ರಕಟವಾದ ಗುರುವಿನ ಗ್ರಂಥಕ್ಕೆ ಮುನ್ನುಡಿ ಬರೆದವರಲ್ಲಿ ಚೆಂಗ್ ಅವರೂ ಒಬ್ಬರು. ಗುರುವು 1936ರಲ್ಲಿ ತೀರಿಕೊಂಡರು.

ಈ ಕಾಲದಲ್ಲಿ ಚೆಂಗ್ ಅವರು ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡರೆಂದು ಹೇಳುತ್ತಾರೆ. ಬೆಳಿಗ್ಗೆ ಒಂದಾವರ್ತಿ ಅಭ್ಯಾಸವಾಗದೆ ತಿಂಡಿಯಿಲ್ಲ. ರಾತ್ರಿ ಒಂದಾವರ್ತಿಯಾಗದೆ ನಿದ್ರೆಯಿಲ್ಲ. ಹಸಿವೂ ನಿದ್ರೆಯೂ ಯಾರನ್ನೂ ಬಿಟ್ಟಿದ್ದಲ್ಲ. ಅವುಗಳಿಗೆ ಅಭ್ಯಾಸವನ್ನು ಗಂಟುಹಾಕಿದರೆ ಅದು ತಪ್ಪುವಂತಿಲ್ಲ. ಮಹಾಸಂಕಲ್ಪಗಳಿಗಿಂತ ಇಂತಹ ಸಣ್ಣ ಉಪಾಯವೇ ದುಡಿಯುವವನ ಕೈಹಿಡಿಯುವುದೆಂದು ನಮಗೆ ತೋರುತ್ತದೆ.

ಅವರ ಬಾಳಿನ ಮುಖ್ಯ ಘಟ್ಟ ಬಂದುದು 1938ರಲ್ಲಿ. ಅದರ ಹಿಂದಿನ ವರ್ಷವೇ ಜಪಾನಿನೊಡನೆ ಯುದ್ಧ ಆರಂಭವಾಗಿತ್ತು. ಚೆಂಗ್ ಅವರು ಹುನಾನ್ ಪ್ರಾಂತದಲ್ಲಿ ವ್ಯಾಯಾಮಶಿಕ್ಷಣದ ಹೊಣೆ ಹೊತ್ತಿದ್ದರು. ಬೇರೆ ಬೇರೆ ಜಿಲ್ಲೆಗಳಿಂದ ಬಂದವರಿಗೆ ಅಲ್ಪಾವಧಿಯಲ್ಲಿ ಕಲಿಸಿ, ಅವರು ಊರಿಗೆ ಮರಳಿ ಇತರರಿಗೆ ಕಲಿಸುವಂತೆ ಮಾಡಬೇಕಾಗಿತ್ತು. ಯಾಂಗ್ ಪದ್ಧತಿಯ ಪೂರ್ಣಕ್ರಮದಲ್ಲಿ ನೂರಕ್ಕೂ ಮಿಕ್ಕಿ ಭಂಗಿಗಳನ್ನು ಎಣಿಸುವುದುಂಟು. ಒಂದಾವರ್ತಿಗೆ ಇಪ್ಪತ್ತು ನಿಮಿಷಗಳಾದರೂ ಬೇಕು, ಕಲಿಯಲು ಬಹಳ ತಿಂಗಳುಗಳೇ ಬೇಕು. ಚೆಂಗ್ ಅವರು ಅದನ್ನು ಪರಿಶೀಲಿಸಿದರು. ಒಂದೇ ಭಂಗಿಯು ಹಲವು ಬಾರಿ ಮರಳಿ ಬರುತ್ತಿತ್ತು. ಪುನರಾವೃತ್ತಿಯನ್ನು ತೆಗೆದು, ಸಾರವನ್ನು ಉಳಿಸಿ, 37 ಭಂಗಿಗಳ ಕ್ರಮವೊಂದನ್ನು ರೂಪಿಸಿದರು. ಹತ್ತು ನಿಮಿಷಗಳೊಳಗೆ ಇದನ್ನು ಮುಗಿಸಬಹುದು. ಒಂದು ಚಾಪೆ ಹಾಸುವುದಕ್ಕಿಂತ ಸ್ವಲ್ಪವೇ ಹೆಚ್ಚು ಸ್ಥಳವಿದ್ದರೆ ಸಾಕು.

ಪರಂಪರೆಯನ್ನು ಕಡಿದು ಮೊಟಕುಮಾಡಿದರೆಂದು ಹಲವರು ಆಕ್ಷೇಪಿಸಿದರು. ಇದು ಯಾಂಗ್ ಪದ್ಧತಿಯೇ ಅಲ್ಲವೆಂದವರೂ ಇದ್ದಾರೆ. ಆ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಹಿರಿಯರು ಪುನರಾವೃತ್ತಿಯನ್ನು ಇಟ್ಟುದು ಅಭ್ಯಾಸವು ಮೈಗೂಡಲೆಂದೇ ಇರಬೇಕು. ಆದರೆ ವೇಳೆಯಿಲ್ಲದವನಿಗೆ ಪೂರ್ಣವಿದ್ಯೆಯನ್ನು ತೋರಿಸಿ ಬರಿಗೈಯಲ್ಲಿ ಕಳುಹಿಸುವುದಕ್ಕಿಂತ, ಅವನು ಹೊರಬಲ್ಲಷ್ಟನ್ನು ಕೊಟ್ಟು ಕಳುಹಿಸುವುದು ಲೇಸಲ್ಲವೆ? 1956ರಲ್ಲಿ ಚೀನದ ಸರಕಾರವೂ ಯಾಂಗ್ ಪದ್ಧತಿಯಿಂದಲೇ 24 ಭಂಗಿಗಳ ಸರಳಕ್ರಮವನ್ನು ಸಿದ್ಧಪಡಿಸಿ ಜನಸಾಮಾನ್ಯರಲ್ಲಿ ಪ್ರಚಾರ ಮಾಡಿತು. ರಾಜಕೀಯದಲ್ಲಿ ಎದುರುಬದುರಾಗಿದ್ದ ಎರಡು ಕಡೆಯವರೂ ಈ ಒಂದು ವಿಷಯದಲ್ಲಿ ಒಂದೇ ದಾರಿ ಹಿಡಿದುದು ಗಮನಾರ್ಹ.

1949ರಲ್ಲಿ ಚೆಂಗ್ ಅವರು ಹುಟ್ಟುನಾಡನ್ನು ತೊರೆದು ತೈವಾನಿಗೆ ಬಂದರು. ತೈಪೇ ನಗರದಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತ, ಚಿತ್ರ ಬರೆಯುತ್ತ, ತಾಯ್ ಚಿ ಶಾಲೆಯೊಂದನ್ನು ಸ್ಥಾಪಿಸಿ ಕಲಿಸಿದರು. 1964ರಲ್ಲಿ ಮತ್ತೊಮ್ಮೆ ವಲಸೆ. ಈ ಬಾರಿ ಸಮುದ್ರದಾಚೆಯ ನ್ಯೂಯಾರ್ಕ್ ನಗರಕ್ಕೆ. ವಯಸ್ಸು ಅರುವತ್ತು ದಾಟಿತ್ತು. ಇಂಗ್ಲಿಷ್ ಭಾಷೆ ಬಾರದು. ಚೀನೀಯರ ಕೇರಿಯಲ್ಲಿ ಶಾಲೆಯನ್ನು ತೆರೆದರು. ಕಲಿಯಲು ಬಂದವರಲ್ಲಿ ಬಹುಮಂದಿ ಅಮೆರಿಕದ ತರುಣತರುಣಿಯರು. ಉದ್ದಗೂದಲು ಬಿಟ್ಟು, ಹಿರಿಯರ ಮಾತು ಮೀರಿ ನಡೆಯುತ್ತಿದ್ದ ಆ ಕಾಲದ ಪೀಳಿಗೆ. ಇಂತಹವರಿಗೆ ನಮ್ಮ ವಿದ್ಯೆಯನ್ನು ಕೊಡಬಾರದೆಂದು ಕೇರಿಯ ಹಿರಿಯರು ವಿರೋಧಿಸಿದರು. ಚೆಂಗ್ ಅವರು ತೈವಾನಿಗೆ ಹೋಗಿದ್ದ ಸಮಯದಲ್ಲಿ ಶಾಲೆಯ ಬಾಗಿಲಿಗೆ ಬೀಗ ಬಿದ್ದಿತು. ಅವರು ಜಗಳಕ್ಕೆ ನಿಲ್ಲಲಿಲ್ಲ, ಶಿಷ್ಯರನ್ನು ಬಿಡಲೂ ಇಲ್ಲ. ಸಮೀಪದ ಬವರಿ ಬೀದಿಯಲ್ಲಿ ಬೇರೆ ಸ್ಥಳ ಹಿಡಿದು ಪಾಠ ಮುಂದುವರಿಸಿದರು. ಪರನಾಡಿನಲ್ಲಿ ಬದುಕು ಕಟ್ಟುವವರಿಗೆ ಇದರ ಕಷ್ಟ ತಿಳಿಯದ್ದಲ್ಲ. ತನ್ನದನ್ನು ಉಳಿಸಿಕೊಳ್ಳಬೇಕೆಂದು ಬಾಗಿಲು ಮುಚ್ಚುವುದು ಒಂದು ರೀತಿ. ತನ್ನದನ್ನು ಉಳಿಸಬೇಕೆಂದೇ ಬಾಗಿಲು ತೆರೆಯುವುದು ಇನ್ನೊಂದು ರೀತಿ. ಚೆಂಗ್ ಅವರು ಎರಡನೆಯದನ್ನು ಆರಿಸಿದರು.

ಅವರ ಬೋಧನೆಯ ಕ್ರಮವೂ ವಿಶಿಷ್ಟ. ದುಭಾಷಿಯಾದ ಶಿಷ್ಯನ ಮೂಲಕ ಮಾತು. ಉಳಿದುದೆಲ್ಲ ಕಣ್ಣಿನಿಂದಲೂ ಕೈಯಿಂದಲೂ. ಮಣಿಕಟ್ಟು ಸೊಟ್ಟಗಾದರೆ ನೇರ ಮಾಡುವರು, ಭುಜ ಎದ್ದರೆ ಇಳಿಸುವರು. ಇಬ್ಬರು ಎದುರುಬದುರು ನಿಂತು, ಕೈಗೆ ಕೈ ತಾಗಿಸಿ, ಒಬ್ಬರನ್ನೊಬ್ಬರು ಮೆಲ್ಲನೆ ನೂಕುವ ಅಭ್ಯಾಸವೊಂದು ತಾಯ್ ಚಿಯಲ್ಲಿದೆ. ಅದರಲ್ಲಿ ಗೆಲ್ಲುವ ಹಟದಿಂದ ಬಲ ಹಾಕುವವನು ಏನನ್ನೂ ಕಲಿಯನೆಂದೂ, ಮೊದಲು ಸೋಲುವುದನ್ನೇ ಬಂಡವಾಳವಾಗಿ ಹೂಡಬೇಕೆಂದೂ ಅವರ ಮತ. ಸೋತವನಿಗೆ ತನ್ನ ಮೈಯಲ್ಲಿ ಬಿಗಿಯಿರುವ ಜಾಗ ಗೊತ್ತಾಗುತ್ತದೆ. ಗೊತ್ತಾದ ಬಿಗಿಯನ್ನಷ್ಟೇ ಸಡಿಲಿಸಲು ಸಾಧ್ಯ.

1975ರ ಮಾರ್ಚ್ ತಿಂಗಳಲ್ಲಿ ಚೆಂಗ್ ಅವರು ತೈವಾನಿನಲ್ಲಿ ದಿವಂಗತರಾದರು. ಆಗ ಅವರಿಗೆ 72 ವರ್ಷ. ಅವರ ಗುರು ಯಾಂಗ್ ಅವರು ಬಾಳಿದ್ದು ಐವತ್ತಕ್ಕಿಂತ ಸ್ವಲ್ಪವೇ ಹೆಚ್ಚು ವರ್ಷ. ಆದುದರಿಂದ ಈ ವಿದ್ಯೆಯನ್ನು ಶತಾಯುಷ್ಯದ ಕೀಲಿಕೈಯೆಂದು ಹೊಗಳುವವರ ಮಾತಿಗೆ ಮರುಳಾಗಬೇಕಾಗಿಲ್ಲ. ಚೆಂಗ್ ಅವರ ಕ್ಷಯ ವಾಸಿಯಾದುದನ್ನು ನೋಡಿ, ಇಂದು ಕೆಮ್ಮಿನಲ್ಲಿ ರಕ್ತ ಕಂಡವನು ಅಂಗಳದಲ್ಲಿ ಕೈಬೀಸುತ್ತ ನಿಲ್ಲಲೂ ಬಾರದು. ಅಂತಹವನು ಆಸ್ಪತ್ರೆಗೆ ಹೋಗಬೇಕು. ಗುಳಿಗೆಗಳನ್ನು ಪೂರ್ಣಾವಧಿ ತೆಗೆದುಕೊಳ್ಳಬೇಕು. ನಮ್ಮ ದೇಶದಲ್ಲಿ ಕ್ಷಯದ ಔಷಧವನ್ನು ಸರಕಾರವು ಉಚಿತವಾಗಿ ಕೊಡುತ್ತದೆ. ತಾಯ್ ಚಿಯಿಂದ ಆಗುವ ಪ್ರಯೋಜನ ಬೇರೆ ಬಗೆಯದು. ಅದರ ಅಭ್ಯಾಸವಿರುವ ವೃದ್ಧರು ಎಡವಿ ಬೀಳುವುದು ಕಡಮೆಯೆಂದು ಹಲವು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಮೊಣಕಾಲಿನ ಸಂಧಿವಾತದ ನೋವಿಗೂ ಉಪಶಮನವಿದೆ. 2020ರಲ್ಲಿ ಯುನೆಸ್ಕೊ ಸಂಸ್ಥೆಯು ಈ ವಿದ್ಯೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಸಿ ಅರೆಯುತ್ತಿದ್ದ ಹುಡುಗನು ಗುರುವಾದ ಮೇಲೆ, ತನಗೆ ದೊರೆತುದನ್ನು ಬಚ್ಚಿಡಲಿಲ್ಲ. ವೇಳೆಯಿಲ್ಲದವರಿಗೆ ವಿದ್ಯೆಯನ್ನು ಕಿರಿದುಮಾಡಿದರು. ನಮ್ಮವರಲ್ಲವೆಂದು ದೂರವಿಟ್ಟವರಿಗೆ ಬಾಗಿಲನ್ನು ಹಿರಿದುಮಾಡಿದರು. ನಮ್ಮಲ್ಲಿಯೂ ಯೋಗಾಸನ ಬಲ್ಲವರು, ಗರಡಿಯ ಸಾಧನೆ ಬಲ್ಲವರು, ಕೊನೆಗೆ ಸರಿಯಾಗಿ ಉಸಿರಾಡುವುದನ್ನಾದರೂ ಬಲ್ಲವರು ಒಂದೊಂದು ಕೇರಿಯಲ್ಲೂ ಇದ್ದಾರೆ. ಹತ್ತು ನಿಮಿಷಗಳಿಗೆ ಹೊಂದುವಷ್ಟನ್ನು ಆಯ್ದು, ಪಕ್ಕದ ಖೋಲಿಯ ಮಾಣಿಗೂ ಮೇಲಿನ ಮಾಳಿಗೆಯ ಗುಮಾಸ್ತನಿಗೂ ಕಲಿಸಿಕೊಡಲು ಅವರಿಗೆ ಅಡ್ಡಿಯೇನಿದೆ? ಕಲಿತವನು ತಿಂಡಿಗೆ ಮೊದಲೊಮ್ಮೆ, ನಿದ್ರೆಗೆ ಮೊದಲೊಮ್ಮೆ ಅದನ್ನು ತಪ್ಪದೆ ನಡೆಸಿಕೊಂಡು ಬರಲಿ ಎಂದಷ್ಟೇ ನಮ್ಮ ಬಿನ್ನಹ.