ಹಿಂದುಳಿದ ಮಕ್ಕಳ ಗೆಳೆಯ ಆಲ್ಫ್ರೆಡ್ ಬಿನೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಫೋನ್ ಮಾಡಿದಾಗ, ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಅವರು ಅಂದುಕೊಂಡಿರಬೇಕು. ಆದರೆ ಒಂದು ವರ್ಷದಿಂದ ನನ್ನ ತಲೆಯಲ್ಲಿರುವ ವಿಷಯವೇ ಬೇರೆ. ನನ್ನ ಅಕ್ಕನ ಮಗ ಈಗ ಮೂರನೇ ತರಗತಿ. ಕಥೆ ಹೇಳಲು ಕುಳಿತರೆ ಮನೆಮಂದಿಯನ್ನೆಲ್ಲ ನಗಿಸುತ್ತಾನೆ. ಪುಸ್ತಕ ತೆರೆದರೆ ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾನೆ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ ಬಿನೆ-ಕಾಮತ್ ಪರೀಕ್ಷೆ ಎಂದು ಬರೆದು, ಅದರ ಮುಂದೆ ಒಂದು ಸಂಖ್ಯೆ ಹಾಕಿದ್ದರು. ಅಕ್ಕ ಆ ಸಂಖ್ಯೆಯನ್ನೇ ಮಗನ ಹಣೆಬರಹವೆಂದು ತಿಳಿದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈ ಬಿನೆ ಯಾರು ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕ ಜೀವನಕಥೆ ಇದು.

ಆಲ್ಫ್ರೆಡ್ ಬಿನೆ ಹುಟ್ಟಿದ್ದು 1857ರ ಜುಲೈ 8ರಂದು, ನೀಸ್ ನಗರದಲ್ಲಿ. ತಂದೆ ವೈದ್ಯರು, ತಾಯಿ ಚಿತ್ರಕಲಾವಿದೆ. ತಂದೆ-ತಾಯಿ ಬೇರೆಯಾದದ್ದರಿಂದ ತಾಯಿಯ ಆಸರೆಯಲ್ಲೇ ಬೆಳೆದರು. ಓದಿದ್ದು ಪ್ಯಾರಿಸ್ಸಿನಲ್ಲಿ. ವಿದ್ಯಾರ್ಥಿಯಾಗಿದ್ದಾಗ ಒಬ್ಬ ಪರೀಕ್ಷಕರು, ಈತನಿಗೆ ತತ್ತ್ವಶಾಸ್ತ್ರದ ಬುದ್ಧಿ ಎಂದೂ ಬರುವುದಿಲ್ಲವೆಂದು ಹೇಳಿಬಿಟ್ಟಿದ್ದರಂತೆ. ಎಂದೂ ಎಂಬ ಆ ಒಂದು ಮಾತು ಬಿನೆಯವರ ಮನಸ್ಸಿನಿಂದ ಹೋಗಲಿಲ್ಲ. ಐವತ್ತು ದಾಟಿದ ಮೇಲೆ ಬರೆದ ಪುಸ್ತಕದಲ್ಲೂ ಅದನ್ನು ನೆನೆದಿದ್ದಾರೆ.

1878ರಲ್ಲಿ ಕಾನೂನು ಪದವಿ ಪಡೆದರೂ ವಕೀಲಿಕೆ ಹಿಡಿಸಲಿಲ್ಲ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನಃಶಾಸ್ತ್ರವನ್ನು ತಾವಾಗಿಯೇ ಓದಿಕೊಂಡರು. ಆಮೇಲೆ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಹೆಸರಾಂತ ವೈದ್ಯ ಶಾರ್ಕೋ ಅವರ ಬಳಿ ಸೇರಿದರು. ಸಮ್ಮೋಹನಕ್ಕೆ ಒಳಗಾದವರ ಮೇಲೆ ಅಯಸ್ಕಾಂತ ಪರಿಣಾಮ ಬೀರುತ್ತದೆಂದು ಸಹೋದ್ಯೋಗಿಯೊಂದಿಗೆ ಪ್ರಕಟಿಸಿದರು. ಬೆಲ್ಜಿಯಂನ ಡೆಲ್ಬೂಫ್ ಎಂಬ ವಿದ್ವಾಂಸರು ಬಂದು ನೋಡಿ, ಅಲ್ಲಿ ನಡೆಯುತ್ತಿರುವುದು ಅಯಸ್ಕಾಂತದ ಮಹಿಮೆಯಲ್ಲ, ಪ್ರಯೋಗ ಮಾಡುವವರೇ ಗೊತ್ತಿಲ್ಲದೆ ಕೊಡುತ್ತಿರುವ ಸೂಚನೆ ಎಂದು ತೋರಿಸಿದರು. ಬಿನೆ ಕೊನೆಗೆ ತಪ್ಪನ್ನು ಒಪ್ಪಿಕೊಂಡರು. ನಾವು ಏನನ್ನು ನಿರೀಕ್ಷಿಸುತ್ತೇವೋ ಅದೇ ಎದುರಿಗಿದ್ದವರಲ್ಲಿ ಕಾಣುತ್ತದೆ ಎಂಬ ಈ ಪಾಠ ಮುಂದೆ ಅವರಿಗೆ ಬಹಳ ಉಪಯೋಗಕ್ಕೆ ಬಂತು.

1884ರಲ್ಲಿ ಮದುವೆಯಾಗಿ ಮದ್ಲೆನ್, ಆಲಿಸ್ ಎಂಬ ಇಬ್ಬರು ಹೆಣ್ಣುಮಕ್ಕಳ ತಂದೆಯಾದರು. ಮನೆಯಲ್ಲೇ ಕುಳಿತು ಆ ಮಕ್ಕಳನ್ನು ಗಮನಿಸಿದರು. ಒಬ್ಬಳು ಒಂದೇ ಕಡೆ ಗಮನವಿಟ್ಟು ನಿಧಾನವಾಗಿ ಹೆಜ್ಜೆ ಇಡುವವಳು, ಇನ್ನೊಬ್ಬಳು ಚಂಚಲೆ. ಒಂದೇ ಮನೆಯ, ಒಂದೇ ತಾಯಿಯ ಮಕ್ಕಳೂ ಒಂದೇ ರೀತಿ ಕಲಿಯುವುದಿಲ್ಲವೆಂಬುದು ಅವರಿಗೆ ಮನೆಯಲ್ಲೇ ಮನವರಿಕೆಯಾಯಿತು. 1894ರಲ್ಲಿ ಸೋರ್ಬೋನ್‌ನ ಮನಃಶಾಸ್ತ್ರ ಪ್ರಯೋಗಾಲಯದ ನಿರ್ದೇಶಕರಾದರು. ಆದರೆ ಬಯಸಿದ ಪ್ರಾಧ್ಯಾಪಕ ಹುದ್ದೆ ಫ್ರಾನ್ಸಿನಲ್ಲಿ ಕೊನೆಯವರೆಗೂ ಸಿಗಲಿಲ್ಲ.

ಫ್ರಾನ್ಸಿನಲ್ಲಿ 1882ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಿತ್ತು. ಎಲ್ಲ ಮಕ್ಕಳೂ ಶಾಲೆಗೆ ಬಂದ ಮೇಲೆ, ಪಾಠದೊಂದಿಗೆ ಹೆಜ್ಜೆ ಹಾಕಲಾಗದ ಮಕ್ಕಳು ಕಣ್ಣಿಗೆ ಬಿದ್ದರು. ಅವರಿಗೆ ಏನು ಮಾಡಬೇಕೆಂದು ತಿಳಿಯಲು ಸರ್ಕಾರ 1904ರಲ್ಲಿ ಒಂದು ಆಯೋಗ ರಚಿಸಿತು. ಬಿನೆ ಅದರ ಸದಸ್ಯರು. ಒಂದೇ ಮಗುವಿನ ಬಗ್ಗೆ ಒಬ್ಬ ವೈದ್ಯರು ಒಂದು ಬರೆದರೆ ಇನ್ನೊಬ್ಬರು ಮತ್ತೊಂದು ಬರೆಯುತ್ತಿದ್ದರು. ತುಂಟನನ್ನು ದಡ್ಡನೆಂದು ಸಾಗಹಾಕುವ ಅಪಾಯವೂ ಇತ್ತು. ಸರಿಯಾಗಿ ಪರೀಕ್ಷಿಸದೆ ಯಾವ ಮಗುವನ್ನೂ ತರಗತಿಯಿಂದ ಎಬ್ಬಿಸಬಾರದೆಂಬುದೇ ಬಿನೆಯವರ ಕಾಳಜಿ.

ಅದಕ್ಕೂ ಮೊದಲು ಅವರು ಅಂದಿನ ರೂಢಿಯಂತೆ ಶಾಲಾಮಕ್ಕಳ ತಲೆಬುರುಡೆ ಅಳೆದು ಬುದ್ಧಿ ತಿಳಿಯಲು ಹೊರಟಿದ್ದರು. ಜಾಣ ಮಕ್ಕಳಿಗೂ ಹಿಂದುಳಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಳೆಯ ಪಾಠ ನೆನಪಿದ್ದುದರಿಂದ ತಮ್ಮ ಅಳತೆಯನ್ನೇ ಅನುಮಾನಿಸಿ ಆ ದಾರಿ ಬಿಟ್ಟರು. 1905ರಲ್ಲಿ ಯುವವೈದ್ಯ ತೆಯೊಡೋರ್ ಸಿಮೋನ್ ಜೊತೆ ಸೇರಿ 30 ಸಣ್ಣ ಪರೀಕ್ಷೆಗಳ ಮಾಪಕ ತಯಾರಿಸಿದರು. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು, ಚಿತ್ರದಲ್ಲಿರುವ ವಸ್ತುಗಳ ಹೆಸರು ಹೇಳುವುದು, ಮೂರು ಅಂಕಿಗಳನ್ನು ಕೇಳಿ ಮರಳಿ ಹೇಳುವುದು ಹೀಗೆ ಸುಲಭದಿಂದ ಕಷ್ಟದ ಕಡೆಗೆ. 1908ರಲ್ಲಿ ಅವನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿದರು.

ಬಹಳ ಜನ ಬಿನೆಯವರ ಕಥೆಯನ್ನು ಇಲ್ಲಿಗೇ ಮುಗಿಸುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಇದರ ಮುಂದಿನ ಭಾಗ. ಪ್ಯಾರಿಸ್ಸಿನ ಗ್ರಾಂಜ್-ಓ-ಬೆಲ್ ಬೀದಿಯ ಒಂದು ಪ್ರಾಥಮಿಕ ಶಾಲೆಯಲ್ಲೇ ಅವರು ಪ್ರಯೋಗಾಲಯ ತೆರೆದರು. ಬುದ್ಧಿ ಹುಟ್ಟಿನಿಂದ ಇಷ್ಟೇ ಎಂದು ಅಳೆದಿಟ್ಟದ್ದಲ್ಲ, ಅಭ್ಯಾಸದಿಂದ ಬೆಳೆಯುತ್ತದೆ ಎಂಬುದು ಅವರ ದೃಢವಾದ ನಂಬಿಕೆ. ಹಿಂದುಳಿದ ಮಕ್ಕಳಿಗೆ ಮೊದಲು ಗಣಿತ, ವ್ಯಾಕರಣ ತುಂಬುವ ಬದಲು ಕಲಿಯುವುದನ್ನೇ ಕಲಿಸಬೇಕೆಂದರು. ಸನ್ನೆ ಮಾಡಿದ ಕೂಡಲೇ ಮಕ್ಕಳೆಲ್ಲ ಕಲ್ಲಿನ ಬೊಂಬೆಗಳಂತೆ ಅಲುಗಾಡದೆ ನಿಲ್ಲಬೇಕು. ಅಂಚಿನವರೆಗೆ ನೀರು ತುಂಬಿದ ಪಾತ್ರೆಯನ್ನು ತುಳುಕಿಸದೆ ಒಯ್ಯಬೇಕು. ರಟ್ಟಿನ ಮೇಲೆ ಅಂಟಿಸಿದ ವಸ್ತುಗಳನ್ನು ಐದು ಸೆಕೆಂಡು ನೋಡಿ ನೆನಪಿನಿಂದ ಪಟ್ಟಿ ಮಾಡಬೇಕು. ಶಾಲೆ ನೋಡಲು ಬಂದ ಸಂಸತ್ ಸದಸ್ಯರು ಈ ಕೊನೆಯ ಆಟದಲ್ಲಿ ಮಕ್ಕಳಿಗಿಂತ ಹಿಂದೆ ಬಿದ್ದರಂತೆ! ದಡ್ಡರೆನಿಸಿಕೊಂಡ ಆ ಮಕ್ಕಳಿಗೆ ಅಂದು ಎಷ್ಟು ಸಂತೋಷವಾಗಿರಬೇಡ.

ಪಾಠದಲ್ಲಿ ಗಮನವಿಲ್ಲವೆಂದು ಬೈಸಿಕೊಳ್ಳುವ ಕೆಲವು ಮಕ್ಕಳಿಗೆ ಕಪ್ಪುಹಲಗೆಯೇ ಸರಿಯಾಗಿ ಕಾಣುತ್ತಿಲ್ಲವೆಂಬುದನ್ನೂ ಅವರು ಗಮನಿಸಿದರು. ಶಿಕ್ಷಕರೇ ತರಗತಿಯಲ್ಲಿ ಮಕ್ಕಳ ದೃಷ್ಟಿ ಪರೀಕ್ಷಿಸುವಂತೆ ಅಕ್ಷರಗಳ ಸರಳ ಫಲಕ ರೂಪಿಸಿದರು. 1909ರಲ್ಲಿ ಫ್ರಾನ್ಸ್ ಸರ್ಕಾರ, ಇಂಥ ಮಕ್ಕಳಿಗಾಗಿ ಸಾಮಾನ್ಯ ಪ್ರಾಥಮಿಕ ಶಾಲೆಗಳಿಗೆ ಹೊಂದಿಕೊಂಡೇ ವಿಶೇಷ ತರಗತಿ ತೆರೆಯಲು ಕಾನೂನು ಮಾಡಿತು. 1911ರ ಅಕ್ಟೋಬರ್ 18ರಂದು, 54ನೆಯ ವಯಸ್ಸಿನಲ್ಲಿ ಬಿನೆ ತೀರಿಕೊಂಡರು.

ಅವರು ಹೋದ ಮೇಲೆ ಅಳತೆಗೋಲು ಬೇರೆಯವರ ಕೈ ಸೇರಿತು. 1912ರಲ್ಲಿ ಜರ್ಮನಿಯ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಲು ಹೇಳಿದರು. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನು ನೂರರಿಂದ ಗುಣಿಸಿ ಐ.ಕ್ಯೂ. ಎಂಬ ಒಂದೇ ಸಂಖ್ಯೆಯನ್ನು ಜನಪ್ರಿಯಗೊಳಿಸಿದರು. ಸಹಾಯ ಬೇಕಾದ ಮಗುವನ್ನು ಗುರುತಿಸಲು ಹುಟ್ಟಿದ ಪರೀಕ್ಷೆ ಅಲ್ಲಿ ಮನುಷ್ಯರನ್ನು ಮೇಲು-ಕೀಳೆಂದು ವಿಂಗಡಿಸುವ ಸಾಧನವಾಯಿತು. ಬುದ್ಧಿ ಕಡಿಮೆಯೆಂಬ ಹಣೆಪಟ್ಟಿ ಹಚ್ಚಿ ಎಷ್ಟೋ ಜನರಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿದರು. ಬುದ್ಧಿಯನ್ನು ಬಟ್ಟೆಯಂತೆ ಮೊಳ ಹಾಕಿ ಅಳೆಯಲಾಗದೆಂದು ಬಿನೆ ಮೊದಲೇ ಎಚ್ಚರಿಸಿದ್ದರು. ಸಂಖ್ಯೆಗಳ ನಡುವೆಯೇ ಕೆಲಸ ಮಾಡುವ ನನಗೆ ಈ ಎಚ್ಚರಿಕೆ ದೊಡ್ಡದೆನಿಸಿತು.

ನಮ್ಮ ನಾಡಿಗೂ ಈ ಕಥೆಗೂ ನಂಟಿದೆ. ಬಿನೆಯವರ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದುವಂತೆ ಧಾರವಾಡದಲ್ಲಿ ಪರಿಷ್ಕರಿಸಿ 1934ರಲ್ಲಿ ಪ್ರಕಟಿಸಿದವರು ವಿ. ವಿ. ಕಾಮತ್. ನನ್ನ ಸೋದರಳಿಯನ ವರದಿಯಲ್ಲಿದ್ದ ಎರಡನೆಯ ಹೆಸರು ಅವರದೇ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ವರದಿಯನ್ನು ಬೀರುವಿನಲ್ಲಿ ಬಚ್ಚಿಟ್ಟಿದ್ದವಳು ಅದನ್ನು ಹಿಡಿದುಕೊಂಡು ಮಗನ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋದಳು. ಟೀಚರ್ ಬಿ.ಆರ್.ಸಿ.ಯಲ್ಲಿ ಇಂಥ ಮಕ್ಕಳಿಗಾಗಿಯೇ ಇರುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕರೆಸಿದರು. ಈಗ ಹುಡುಗ ಮುಂದಿನ ಸಾಲಿನಲ್ಲಿ ಕೂರುತ್ತಾನೆ, ಬರೆಯುವ ಮೊದಲು ಬಾಯಲ್ಲಿ ಉತ್ತರ ಹೇಳುತ್ತಾನೆ. ಒತ್ತಕ್ಷರ ಇನ್ನೂ ಕಾಡುತ್ತದೆ. ಆದರೆ ಬೆಳಿಗ್ಗೆ ಹೊಟ್ಟೆನೋವು ಎಂದು ಅಳುವುದು ನಿಂತಿದೆ.

ಕೊನೆಗೊಂದು ಮಾತು. ನಾನು ಎಂಟನೇ ತರಗತಿಯಲ್ಲಿ ಮಾನಿಟರ್ ಆಗಿದ್ದಾಗ ಕೊನೆಯ ಬೆಂಚಿನ ಗೆಳೆಯನೊಬ್ಬನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ದಡ್ಡ ಎಂದೇ ಕರೆಯುತ್ತಿದ್ದೆ. ವರ್ಷ ಮುಗಿಯುವ ಮೊದಲೇ ಅವನು ಶಾಲೆ ಬಿಟ್ಟ. ಅವನಿಗೆ ಬೋರ್ಡ್ ಕಾಣುತ್ತಿತ್ತೋ ಇಲ್ಲವೋ, ನಾನು ಒಮ್ಮೆಯೂ ಕೇಳಲಿಲ್ಲ. ಈ ಸುವರ್ಣ ಮಹೋತ್ಸವಕ್ಕೆ ಅವನೂ ಬರಬೇಕೆಂದು ನನ್ನ ಆಸೆ. ಬಂದರೆ ನಾನೇ ಹೋಗಿ ಹೆಸರು ಹಿಡಿದು ಮಾತಾಡಿಸುತ್ತೇನೆ. ಮುಂದಿನ ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಯಾವ ಮಗುವೂ ಹಾಗೆ ಹೊರಟುಹೋಗದಿರಲಿ.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು