ಜೇಮ್ಸ್ ಅರ್ಲ್ ರೇ

ಜೇಮ್ಸ್ ಅರ್ಲ್ ರೇ (ಮಾರ್ಚ್ 10, 1928 – ಏಪ್ರಿಲ್ 23, 1998) ಅಮೆರಿಕದ ನಾಗರಿಕ ಹಕ್ಕುಗಳ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಅವರ ಹತ್ಯೆಗಾಗಿ ಶಿಕ್ಷೆಗೊಳಗಾದ ವ್ಯಕ್ತಿ. ತಪ್ಪೊಪ್ಪಿಕೊಂಡ ಮೂರೇ ದಿನಗಳಲ್ಲಿ ಅದನ್ನು ಹಿಂಪಡೆಯಲು ಮುಂದಾದ ಈತ, ಉಳಿದ ಆಯುಷ್ಯವನ್ನು ವಿಚಾರಣೆಗಾಗಿ ಹೋರಾಡುತ್ತಲೇ ಕಳೆದನು.

ಬಂಧನ

ಇಲಿನಾಯ್ ರಾಜ್ಯದ ಆಲ್ಟನ್‌ನಲ್ಲಿ ಜನಿಸಿದ ರೇ, 1967ರಲ್ಲಿ ಮಿಸ್ಸೌರಿಯ ಸೆರೆಮನೆಯಿಂದ ತಪ್ಪಿಸಿಕೊಂಡಿದ್ದನು. 1968ರ ಏಪ್ರಿಲ್ 4ರಂದು ಟೆನೆಸಿ ರಾಜ್ಯದ ಮೆಂಫಿಸ್‌ನಲ್ಲಿ ಕಿಂಗ್ ಅವರ ಹತ್ಯೆಯಾಯಿತು. ಜೂನ್ 8ರಂದು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ರೇಯನ್ನು ಬಂಧಿಸಲಾಯಿತು.

ತಪ್ಪೊಪ್ಪಿಗೆ ಮತ್ತು ಮೇಲ್ಮನವಿಗಳು

ಮರಣದಂಡನೆಯನ್ನು ತಪ್ಪಿಸಿಕೊಳ್ಳಲು, ವಕೀಲ ಪರ್ಸಿ ಫೋರ್ಮನ್ ಅವರ ಸಲಹೆಯಂತೆ ರೇ 1969ರ ಮಾರ್ಚ್ 10ರಂದು ತಪ್ಪೊಪ್ಪಿಕೊಂಡನು. ಅವನಿಗೆ 99 ವರ್ಷಗಳ ಸೆರೆವಾಸ ವಿಧಿಸಲಾಯಿತು. ಮೂರು ದಿನಗಳ ಬಳಿಕ, ತಪ್ಪೊಪ್ಪಿಗೆಯನ್ನು ಹಿಂಪಡೆಯುವ ಉದ್ದೇಶದಿಂದ ನ್ಯಾಯಾಧೀಶ ಪ್ರೆಸ್ಟನ್ ಬ್ಯಾಟಲ್ ಅವರಿಗೆ ಪತ್ರ ಬರೆದನು. ಮಾರ್ಚ್ 31ರಂದು ನ್ಯಾಯಾಧೀಶರು ನಿಧನರಾದರು.

ಪ್ರಕರಣವನ್ನು ಕುರಿತ ಬರವಣಿಗೆಯ ಆದಾಯದಲ್ಲಿ ವಕೀಲರಿಗೆ ಪಾಲಿತ್ತು, ಆದ್ದರಿಂದ ತನ್ನ ಮೇಲೆ ಒತ್ತಡ ಹೇರಲಾಯಿತು ಎಂಬುದು ರೇಯ ವಾದವಾಗಿತ್ತು. ಆದರೆ ತಪ್ಪೊಪ್ಪಿಗೆಯ ನಂತರ ಆರೋಪಿ ಅಪರಾಧಿಯೇ ಅಲ್ಲವೇ ಎಂಬ ಪ್ರಶ್ನೆ ಹಿಂದೆ ಸರಿದು, ಅದನ್ನು ಆತ ತಿಳಿದು ಸ್ವಇಚ್ಛೆಯಿಂದ ನೀಡಿದನೇ ಎಂಬುದಷ್ಟೇ ಮುಖ್ಯವಾಗುತ್ತದೆ. 1976ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವು ತಪ್ಪೊಪ್ಪಿಗೆ ಸ್ವಯಂಪ್ರೇರಿತವೆಂದು ತೀರ್ಮಾನಿಸಿತು.

ಕೊನೆಯ ವರ್ಷಗಳು

1977ರ ಜೂನ್‌ನಲ್ಲಿ ಬ್ರಷಿ ಮೌಂಟನ್ ಸೆರೆಮನೆಯಿಂದ ತಪ್ಪಿಸಿಕೊಂಡ ರೇ ಕೆಲವೇ ದಿನಗಳಲ್ಲಿ ಸಿಕ್ಕಿಬಿದ್ದನು. ಗುಂಡು ಹಾರಿಸಿದವನು ರೇ ಎಂದೂ, ಹತ್ಯೆಯ ಹಿಂದೆ ಒಳಸಂಚು ಇದ್ದಿರಬಹುದೆಂದೂ ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿ 1979ರಲ್ಲಿ ವರದಿ ಮಾಡಿತು. 1997ರಲ್ಲಿ ಕಿಂಗ್ ಅವರ ಕುಟುಂಬವೇ ರೇಯ ವಿಚಾರಣೆಯ ಬೇಡಿಕೆಯನ್ನು ಬೆಂಬಲಿಸಿತು. ಮರುವರ್ಷ ಯಕೃತ್ತಿನ ಕಾಯಿಲೆಯಿಂದ ನ್ಯಾಶ್‌ವಿಲ್‌ನಲ್ಲಿ ರೇ ಮೃತನಾದನು. ಸಾಕ್ಷ್ಯಗಳನ್ನು ಪೂರ್ಣವಾಗಿ ಪಾಟೀಸವಾಲಿಗೆ ಒಳಪಡಿಸುವ ವಿಚಾರಣೆ ಅವನ ವಿರುದ್ಧ ಎಂದೂ ನಡೆಯಲಿಲ್ಲ.