ತ್ರಿಭುಜದ ಜ್ಯಾ ನಿಯಮ ಮತ್ತು ನಾಸಿರುದ್ದೀನ್ ತೂಸಿ

ತ್ರಿಭುಜವೊಂದರ ಒಂದು ಭುಜ ಹಾಗೂ ಎರಡು ಕೋನಗಳು ತಿಳಿದಲ್ಲಿ, ಉಳಿದ ಭುಜಗಳನ್ನು ಸರಪಳಿ ಹಿಡಿದು ಅಳೆಯದೆಯೇ ಲೆಕ್ಕ ಹಾಕಬಹುದು. ಪ್ರತಿ ಭುಜಕ್ಕೂ ಅದರ ಎದುರಿನ ಕೋನದ ಜ್ಯಾ, ಅಂದರೆ ಸೈನ್ ಬೆಲೆಗೂ ಇರುವ ಅನುಪಾತ ಒಂದೇ ಆಗಿರುವುದು ಇದಕ್ಕೆ ಕಾರಣ. ಭೂಮಾಪನಕ್ಕೆ ಆಧಾರವಾದ ಈ ನಿಯಮವನ್ನು ಸಾಧಿಸಿದ ವಿದ್ವಾಂಸರಲ್ಲಿ ಪ್ರಮುಖರಾದ ನಾಸಿರುದ್ದೀನ್ ತೂಸಿಯವರ ಜೀವನ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ನೀಡಲಾಗಿದೆ.

ತೂಸಿಯವರು 1201ರಲ್ಲಿ ಪರ್ಷಿಯಾದ ತೂಸ್ ಪಟ್ಟಣದಲ್ಲಿ ಜನಿಸಿ, ನಿಶಾಪುರದಲ್ಲಿ ವ್ಯಾಸಂಗ ಮಾಡಿದರು. ಮಂಗೋಲರ ದಾಳಿಯಿಂದ ನಗರಗಳು ನಾಶವಾಗುತ್ತಿದ್ದ ಕಾಲದಲ್ಲಿ ಅವರು ಇಸ್ಮಾಯಿಲಿ ದೊರೆಗಳ ಕೋಟೆಗಳಲ್ಲಿ ಆಶ್ರಯ ಪಡೆದು ಗ್ರಂಥರಚನೆಯಲ್ಲಿ ತೊಡಗಿದರು. 1256ರಲ್ಲಿ ಅಲಮೂತ್ ಕೋಟೆಯು ಮಂಗೋಲ ದೊರೆ ಹುಲಾಗುವಿನ ವಶವಾದಾಗ, ಅವರು ವಿಜಯಿಯ ಸೇವೆಗೆ ಸೇರಿದರು. 1258ರಲ್ಲಿ ಅದೇ ಹುಲಾಗುವಿನ ಸೈನ್ಯವು ಬಾಗ್ದಾದ್ ನಗರವನ್ನು ಧ್ವಂಸಗೊಳಿಸಿತು. ಮರುವರ್ಷವೇ ಆ ದೊರೆಯ ನೆರವಿನಿಂದ ತೂಸಿಯವರ ನೇತೃತ್ವದಲ್ಲಿ ಮರಾಘಾದಲ್ಲಿ ವೀಕ್ಷಣಾಲಯದ ನಿರ್ಮಾಣ ಆರಂಭವಾಯಿತು. ಅಲ್ಲಿ ದೊಡ್ಡ ಗ್ರಂಥಾಲಯವನ್ನು ಸ್ಥಾಪಿಸಿ, ವಿದ್ವಾಂಸರನ್ನು ಒಂದೆಡೆ ಸೇರಿಸಲಾಯಿತು.

ಸುಮಾರು 1260ರಲ್ಲಿ ಪೂರ್ಣಗೊಂಡ ತಮ್ಮ ಗ್ರಂಥವೊಂದರಲ್ಲಿ ಅವರು ಸಮತಲ ತ್ರಿಭುಜದ ಜ್ಯಾ ನಿಯಮವನ್ನು ಸಾಧಿಸಿದ್ದಾರೆ. ಅಲ್ಲಿಯವರೆಗೆ ಖಗೋಳಶಾಸ್ತ್ರದ ಅಂಗವಾಗಿದ್ದ ತ್ರಿಕೋನಮಿತಿಗೆ ಈ ಗ್ರಂಥದಿಂದ ಸ್ವತಂತ್ರ ಶಾಸ್ತ್ರದ ಸ್ಥಾನ ದೊರೆಯಿತು. ಆದರೆ ಈ ಶ್ರೇಯಸ್ಸು ಒಬ್ಬರಿಗೇ ಸಲ್ಲತಕ್ಕದ್ದಲ್ಲ. ಗೋಳದ ಮೇಲಿನ ತ್ರಿಭುಜಗಳಿಗೆ ಸಂಬಂಧಿಸಿದ ಇಂಥದೇ ನಿಯಮವು ಅವರಿಗಿಂತ ಎರಡು ಶತಮಾನಗಳಿಗೂ ಹಿಂದೆ ಅಬುಲ್ ವಫಾ, ಅಬು ನಸ್ರ್ ಮನ್ಸೂರ್ ಮುಂತಾದವರಿಗೆ ತಿಳಿದಿತ್ತು. ಜ್ಯಾ ಎಂಬ ಪರಿಕಲ್ಪನೆಯೂ ಭಾರತದ್ದೇ. 499ರ ಆರ್ಯಭಟೀಯದಲ್ಲಿ ಅದರ ಕೋಷ್ಟಕವಿದ್ದು, ಆ ಪದವೇ ಅರಬ್ಬೀ ಭಾಷೆಗೆ ಹೋಗಿ, ಅಲ್ಲಿಂದ ಲ್ಯಾಟಿನ್ ಅನುವಾದದ ಮೂಲಕ ಸೈನ್ ಆಯಿತು. ತೂಸಿಯವರು 1274ರಲ್ಲಿ ಬಾಗ್ದಾದಿನಲ್ಲಿ ನಿಧನರಾದರು.

ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯು 1802ರಲ್ಲಿ ಮದರಾಸಿನ ಬಳಿ ಆರಂಭವಾಗಿ, 1804ರಲ್ಲಿ ಬೆಂಗಳೂರಿನ ಬಳಿಯೂ ಆಧಾರರೇಖೆಯೊಂದನ್ನು ಅಳೆಯಲಾಯಿತು. ಇಂತಹ ರೇಖೆಗಳಿಂದ ದೂರದ ಬೆಟ್ಟಗಳವರೆಗಿನ ಅಂತರವನ್ನು ಲೆಕ್ಕ ಹಾಕಿದ್ದು ತ್ರಿಭುಜಗಳ ಮೂಲಕವೇ.

ಉದಾಹರಣೆಗೆ, ಹಳ್ಳದ ಈ ದಡದಲ್ಲಿ 100 ಮೀಟರ್ ರೇಖೆಯನ್ನು ಅಳೆದು, ಅದರ ಎರಡು ತುದಿಗಳಿಂದ ಆಚೆಯ ಗಡಿಕಲ್ಲನ್ನು ನೋಡಿದಾಗ ಕೋನಗಳು 45 ಮತ್ತು 105 ಡಿಗ್ರಿ ಇದ್ದಲ್ಲಿ, ಮೂರನೆಯ ಕೋನ 30 ಡಿಗ್ರಿ ಆಗುತ್ತದೆ. ಆಗ 105 ಡಿಗ್ರಿ ಕೋನವಿರುವ ತುದಿಯಿಂದ ಕಲ್ಲಿಗೆ ಇರುವ ದೂರ ಸುಮಾರು 141.4 ಮೀಟರ್. ಹಳ್ಳ ದಾಟದೆಯೇ ದೊರೆಯುವ ಈ ಲೆಕ್ಕವನ್ನು ಜಮೀನಿನ ಇಬ್ಬರೂ ಬಾಜುದಾರರು ಸ್ವತಃ ಪರಿಶೀಲಿಸಿಕೊಳ್ಳಬಹುದಾಗಿದೆ.